ಎದೆಕವಚ ಹೊಲಿಯುತ್ತಿದ್ದ ಲುಕೇರಿಯಾ

ಲುಕೇರಿಯಾ ಪಾನಾಸಿವ್ನಾಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಉಕ್ರೇನಿನ ಗಡಿಯಂಚಿನ ಹ್ಲಿನೊಯಾರ್ ಪಟ್ಟಣದಲ್ಲಿ ಎಲ್ಲರಿಗೂ ಗೊತ್ತಿತ್ತು. ಕೆಲಸಗಾರರ ಉಡುಪು ಹೊಲಿಯುವ ಕಾರ್ಖಾನೆಯಲ್ಲಿ ಮೇಲ್ವಿಚಾರಕಿಯಾಗಿದ್ದಾಗ, ಕತ್ತರಿಯನ್ನು ಜಾಗದಲ್ಲಿಡದ ಹುಡುಗಿಯನ್ನು ಬಯ್ಯುತ್ತಿದ್ದ ದನಿಯಲ್ಲೇ ಕಳಪೆ ದಾರ ತರಿಸಿದ ಡೈರೆಕ್ಟರನನ್ನೂ ಬಯ್ಯುತ್ತಿದ್ದಳು. ಬಸ್ಸು ತಡವಾದರೆ ಡ್ರೈವರನಿಗೆ, ಬ್ರೆಡ್ಡು ಹಸಿಯಾಗಿದ್ದರೆ ಅಂಗಡಿಯವಳಿಗೆ ಬೈಗಳು ತಪ್ಪದೆ ಸಿಗುತ್ತಿದ್ದವು. ಆದರೆ ಅದೆಲ್ಲ ಬಂದಷ್ಟೇ ಬೇಗ ಹೋಗುವ ಸಿಟ್ಟು. ಬೆಳಿಗ್ಗೆ ಬೈಸಿಕೊಂಡ ಹುಡುಗಿಗೆ ಸಂಜೆ ಉಪ್ಪುನೀರಲ್ಲಿ ಹಾಕಿಟ್ಟ ಟೊಮೆಟೊ ಒಂದು ಭರಣಿ ಸಿಗುತ್ತಿತ್ತು. ಹೋಗದೇ ಉಳಿಯುವ ಸಿಟ್ಟು ಅವಳೊಳಗೆ ಹೊಕ್ಕದ್ದು ೨೦೧೪ರ ವಸಂತದಲ್ಲಿ.

ಆ ಏಪ್ರಿಲ್‌ನಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಬಂದೂಕಿನವರು ಬಂದು ಪುರಸಭೆಯ ಕಟ್ಟಡವನ್ನು ಹಿಡಿದುಕೊಂಡರು. ಕೆಲವರು ಗಡಿಯಾಚೆಯಿಂದ ಬಂದವರು, ಕೆಲವರು ಊರಿನ ಕುಡುಕರು. ಉಕ್ರೇನಿನ ಬಾವುಟ ಇಳಿಸಿ ರಷ್ಯಾದ ಬಾವುಟ ಏರಿಸಿದರು. ಪೊಲೀಸರು ಟೋಪಿ ತೆಗೆದು ಚೀಲಕ್ಕೆ ತುರುಕಿಕೊಂಡು ಮನೆಗೆ ಹೋದರು. ಠಾಣೆಯ ಮೇಜರ್ ಮಾರುಕಟ್ಟೆಯಲ್ಲಿ ಮೂಲಂಗಿ ಆರಿಸುತ್ತಿದ್ದಾಗ ಲುಕೇರಿಯಾ ಅವನ ಎದುರು ಹೋಗಿ ನಿಂತಳು.

"ಮೇಜರ್ರೇ, ಊರು ಈಗ ಯಾರ ಕೈಲಿದೆ?"

"ನಂಗೆ ಮೇಲಿಂದ ಏನೂ ಆದೇಶ ಬಂದಿಲ್ಲಮ್ಮ."

"ಮೂಲಂಗಿ ಆರ್ಸೋಕೆ ಬಂತಾ ಆದೇಶ?"

ಸುತ್ತಲಿದ್ದ ಹೆಂಗಸರು ನಕ್ಕರು. ಲುಕೇರಿಯಾ ನಗಲಿಲ್ಲ. ಸಂಬಳ, ಪಿಂಚಣಿ, ಬಂಗಲೆ ಎಲ್ಲ ತಿಂದವರು ಒಂದು ಬೆಳಗಿನಲ್ಲಿ ದೇಶವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದದ್ದು ಅವಳಿಗೆ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಅವಳ ಮನೆಯ ಎದುರು ಬಾಗಿಲಿನ ವೆನ್ಯಾಮಿನ್‌ಗೆ ಮಾತ್ರ ಆಗ ಹಬ್ಬ. ಇಟ್ಟಿಗೆ ಕಾರ್ಖಾನೆಯ ಭಟ್ಟಿಯಲ್ಲಿ ಬೆಂದು ನಿವೃತ್ತನಾದ ಮುದುಕ. ಹೆಂಡತಿ ಸತ್ತಿದ್ದಳು, ಮಗಳು ಗಡಿಯಾಚೆ ರಸ್ತೋವ್‌ನಲ್ಲಿದ್ದಳು. ಐದು ಅಂತಸ್ತಿನ ಆ ಹಳೇ ಕಟ್ಟಡದ ಮಾಳಿಗೆಯ ಮೇಲೆ ಪಾರಿವಾಳದ ಗೂಡು ಕಟ್ಟಿಕೊಂಡಿದ್ದ. ದಿನಾ ಬೆಳಿಗ್ಗೆ ಚಿಂದಿ ಕಟ್ಟಿದ ಉದ್ದ ಕೋಲನ್ನು ಬೀಸಿ ಅವನ್ನು ಹಾರಿಸುತ್ತಿದ್ದ. ಉಳಿದ ಹೊತ್ತು ರಷ್ಯಾದ ಟಿವಿ ನೋಡುತ್ತಿದ್ದ. ಅವನು ಅವಳನ್ನು ಲುಶಾ ಎಂದು, ಅವಳು ಅವನನ್ನು ವೇನ್ಯಾ ಎಂದು ಕರೆಯುತ್ತಿದ್ದರು. ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಅವರಿಬ್ಬರ ಜಗಳ ಶುರುವಾಗುತ್ತಿತ್ತು.

"ನೋಡ್ತಿರು ಲುಶಾ, ಇನ್ನು ಪಿಂಚಣಿ ಎರಡರಷ್ಟಾಗತ್ತೆ."

"ಬಾಡಿಗೆ ಬಂದೂಕಿನವನು ತರ್ತಾನಾ ನಿನ್ನ ಪಿಂಚಣಿ? ನಿನ್ನ ತಲೇಲಿ ಪಾರಿವಾಳ ಗೂಡು ಕಟ್ಟಿದೆ ವೇನ್ಯಾ."

"ಕಟ್ಟಲಿ ಬಿಡು, ಜಾಗ ಖಾಲಿ ಇತ್ತು."

ಬಾಗಿಲು ಧಡಾರನೆ ಬಡಿದುಕೊಂಡು ಇಬ್ಬರೂ ಒಳಹೋಗುತ್ತಿದ್ದರು. ಭಾನುವಾರ ಅವಳು ಬೋರ್ಷ್ ಸಾರು ಮಾಡಿದರೆ ಒಂದು ಬಟ್ಟಲು ಅವನ ಬಾಗಿಲ ಮುಂದೆ ಇಟ್ಟು, ಗಂಟೆ ಒತ್ತಿ, ಅವನ ಮುಖ ನೋಡದೆ ವಾಪಸ್ಸಾಗುತ್ತಿದ್ದಳು.

ಬೇಸಿಗೆಯಲ್ಲಿ ಊರನ್ನು ಬಿಡಿಸಿದ್ದು ಸೇನೆಯಲ್ಲ, 'ಬಿರುಗಾಳಿ' ಎಂದು ಹೆಸರಿಟ್ಟುಕೊಂಡ ಸ್ವಯಂಸೇವಕರ ಪಡೆ. ಸೇನೆಯ ಬಳಿ ಓಡುವ ಟ್ಯಾಂಕು ಇರಲಿಲ್ಲ, ಟ್ಯಾಂಕು ಇದ್ದಲ್ಲಿ ಡೀಸೆಲ್ ಇರಲಿಲ್ಲ. ಈ ಹುಡುಗರು ಬಂದದ್ದು ಬ್ರೆಡ್ ಸಾಗಿಸುವ ವ್ಯಾನಿನಲ್ಲಿ, ಕಾಲಿಗೆ ಆಟದ ಬೂಟು, ಕೈಯಲ್ಲಿ ಅಜ್ಜಂದಿರ ಬೇಟೆಕೋವಿ. ಅವರ ನಾಯಕ ಓಸ್ತಾಪ್ ರೆವಾ ಬೇರೆ ಊರಿನವನು, ಫುಟ್‌ಬಾಲ್ ಗ್ಯಾಲರಿಯಲ್ಲಿ ಎದುರು ತಂಡದವರ ಹಲ್ಲು ಉದುರಿಸಿ ಬೆಳೆದವನು. ಹಿಂದೊಮ್ಮೆ ಜೈಲೂ ಕಂಡಿದ್ದ. ನದಿಯ ಸೇತುವೆಯ ಮೇಲೆ ಶತ್ರುವಿನ ಟ್ಯಾಂಕು ಬಂದಾಗ ಅವನು ಓಡಲಿಲ್ಲ. ಗುಂಡು ತಿಂದ ಹುಡುಗನೊಬ್ಬನನ್ನು ಹೆಗಲ ಮೇಲೆ ಹೊತ್ತುಕೊಂಡು ಬಯಲಲ್ಲೇ ನಡೆದು ಬಂದ. ಅದನ್ನು ಇಡೀ ಊರು ನೋಡಿತು.

ಲುಕೇರಿಯಾ ತಂಗಿಯ ಮಗ ಯಾರೆಮಾ ಮಾರನೆಯ ದಿನವೇ ಪಡೆಗೆ ಸೇರಿದ. ತಂಗಿ ತೀರಿಕೊಂಡ ಮೇಲೆ ಅವಳೇ ಸಾಕಿದ ಹುಡುಗ, ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದ. ಅವಳು ಅಡ್ಡ ಬರಲಿಲ್ಲ.

"ಎದೆಗೆ ಏನು ಕಟ್ಕೋತೀಯ?" ಎಂದು ಕೇಳಿದಳು.

"ಸ್ವೆಟರ್ರು."

ಅವಳು ಮುಚ್ಚಿಹೋಗಿದ್ದ ಕಾರ್ಖಾನೆಯ ಕೀಲಿಕೈ ಹುಡುಕಿ ತೆಗೆದಳು. ಹಳೇ ಕೆಲಸಗಾರ್ತಿಯರನ್ನು ಮನೆಮನೆಗೆ ಹೋಗಿ ಎಬ್ಬಿಸಿದಳು. ಅವರಲ್ಲಿ ಒಡಾರ್ಕಾ ಮೊದಲು ಬಂದಳು, ಆ ಊರಿನಲ್ಲೇ ಅವಳಷ್ಟು ಗಟ್ಟಿ ಹೊಲಿಗೆ ಯಾರದೂ ಇರಲಿಲ್ಲ. ಯಾರೆಮಾ ಹಳೇ ಲಾರಿಗಳ ಸ್ಪ್ರಿಂಗ್ ಪಟ್ಟಿ ಕತ್ತರಿಸಿ ಉಕ್ಕಿನ ಹಲಗೆ ಮಾಡಿಕೊಟ್ಟ. ಹೆಂಗಸರು ದಪ್ಪ ಟಾರ್ಪಾಲಿನಲ್ಲಿ ಜೇಬು ಹೊಲಿದು ಆ ಹಲಗೆಗಳನ್ನು ಅದರಲ್ಲಿ ಕೂರಿಸಿದರು. ಸೂಜಿಗಳು ಪಟಪಟ ಮುರಿದವು. ಹುಡುಗರು ಒಬ್ಬೊಬ್ಬರಾಗಿ ಬಂದು ಅಳತೆ ಕೊಟ್ಟು ಹೋದರು. ಯಾರೆಮಾನ ಹಾಗೆ ಅವರೆಲ್ಲರಿಗೂ ಅವಳು ದೊಡ್ಡಮ್ಮ ಆದಳು. ಅವಳ ಬದುಕಿನಲ್ಲಿ ಅಷ್ಟು ಹೆಮ್ಮೆಯ ಬೇಸಿಗೆ ಇನ್ನೊಂದು ಇರಲಿಲ್ಲ.

ಒಂದು ದಿನ ರೆವಾ ತಾನೇ ಹೊಲಿಗೆಮನೆಗೆ ಬಂದ. ಬಿಸಿ ಬೋರ್ಷ್ ಕುಡಿದು, ತಟ್ಟೆಯನ್ನು ತಾನೇ ತೊಳೆದಿಟ್ಟು, ಜೇಬಿನಿಂದ ಒಂದು ಬಟ್ಟೆ ತುಂಡು ತೆಗೆದ.

"ಲುಕೇರಿಯಾ ಪಾನಾಸಿವ್ನಾ, ಇದನ್ನ ಎಲ್ಲರ ತೋಳಿಗೂ ಹೊಲಿದು ಕೊಡ್ತೀರಾ?"

ಅವಳು ಕನ್ನಡಕ ಹಾಕಿಕೊಂಡು ನೋಡಿದಳು. ಹಿಂದಿನ ಮಹಾಯುದ್ಧದಲ್ಲಿ ಆ ಊರನ್ನು ಸುಟ್ಟ ಜರ್ಮನರ ಪಡೆಯೊಂದರ ಗುರುತು ಅದು. ಒಂದು ಗೆರೆ ಅತ್ತಿತ್ತ ತಿರುಗಿಸಿದ್ದರು, ಅಷ್ಟೇ. ಅವಳ ಅಪ್ಪ ಪಾನಾಸ್ ಹುಡುಗನಾಗಿದ್ದಾಗ ಆ ಗುರುತಿನವರಿಗೆ ಹೆದರಿ ಜೇಡಿಮಣ್ಣಿನ ಗುಂಡಿಯಲ್ಲಿ ಅವಿತು ಕೂತು ಬದುಕಿಕೊಂಡವನು.

"ಇದು ನಂಗೊತ್ತು," ಎಂದಳು.

"ನಿಮಗೆ ಗೊತ್ತಿರೋದು ಬೇರೆ. ಇದು ನಮ್ಮ ಪೂರ್ವಿಕರ ಸೂರ್ಯ."

"ನಮ್ಮಪ್ಪನ ಕಡೆ ಬಂದೂಕು ಹಿಡ್ಕೊಂಡು ಬಂದಾಗ ಅದು ಸೂರ್ಯ ಅಂತ ಯಾರೂ ಹೇಳ್ಲಿಲ್ಲ."

ರೆವಾ ನಕ್ಕ. "ಶತ್ರು ಇದನ್ನ ನೋಡಿ ಹೆದರ್ಬೇಕಮ್ಮ."

"ಶತ್ರು ಹೆದರಲ್ಲ ಮಗನೇ, ಅವನ ಟಿವಿಯವರು ಹಬ್ಬ ಮಾಡ್ತಾರೆ. ಹೆದರೋದು ನಾನು."

ಅವಳು ಆ ತುಂಡನ್ನು ಅವನ ಕೈಗೇ ವಾಪಸ್ಸು ಇಟ್ಟಳು. ಅವನು ಬೇರೆಲ್ಲೋ ಹೊಲಿಸಿಕೊಂಡ. ಪಡೆಯ ಹುಡುಗರಲ್ಲಿ ಹೆಚ್ಚಿನವರಿಗೆ ಅದು ಏನೆಂದೇ ತಿಳಿಯದು, ತಿಳಿದ ಕೆಲವರಿಗೆ ಅದೇ ಬೇಕಾಗಿತ್ತು. ಆ ಕೆಲವರೇ ಬರಬರುತ್ತ ಜೋರಾದರು. ಅಂಗಡಿಯಲ್ಲಿ ರಷ್ಯನ್ ಮಾತಾಡಿದ ಮುದುಕಿಯರನ್ನು ತಡೆದು "ಮನುಷ್ಯರ ಭಾಷೇಲಿ ಮಾತಾಡು" ಅನ್ನತೊಡಗಿದರು. ಆ ಊರಿನಲ್ಲಿ ಎಲ್ಲರೂ ಎರಡೂ ಭಾಷೆ ಕಲಸಿಕೊಂಡೇ ಮಾತಾಡುವವರು, ಲುಕೇರಿಯಾಳೂ ಅಷ್ಟೇ. ಒಮ್ಮೆ ಒಬ್ಬ ಹೊಸಬ ಅವಳಿಗೂ ಹಾಗೇ ಅಂದ.

"ನಿನ್ನ ಎದೆ ಮೇಲಿರೋದನ್ನ ಯಾವ ಭಾಷೇಲಿ ಬೈಕೊಂಡು ಹೊಲಿದೆ ಗೊತ್ತಾ ನಿಂಗೆ?" ಎಂದು ಅವಳು ಕೇಳಿದಳು. ಅವನು ಕಿವಿಯವರೆಗೂ ಕೆಂಪಾದ.

ಚಳಿಗಾಲದಲ್ಲಿ, ಒಂದು ಶನಿವಾರ ಬೆಳಿಗ್ಗೆ, ಮಾರುಕಟ್ಟೆಯ ಮೇಲೆ ಗಡಿಯ ಕಡೆಯಿಂದ ರಾಕೆಟ್‌ಗಳು ಬಿದ್ದವು. ಸತ್ತವರಲ್ಲಿ ಒಡಾರ್ಕಾಳ ತಂಗಿಯೂ ಒಬ್ಬಳು. ಎಲೆಕೋಸು ಕೊಳ್ಳಲು ಹೋದವಳನ್ನು ಅವಳ ಬೂಟಿನಿಂದ ಗುರುತಿಸಬೇಕಾಯಿತು. ಊರು ಹುಚ್ಚಾಯಿತು. ಯಾರೋ ಒಳಗಿನವರೇ ಗುರಿ ತೋರಿಸಿರಬೇಕು ಎಂದು ಒಬ್ಬ ಅಂದ, ಸಂಜೆಯೊಳಗೆ ಅದೇ ಸತ್ಯವಾಯಿತು. ಮಾಳಿಗೆಯ ಮೇಲೆ ದಿನಾ ಕೋಲು ಬೀಸುವವನು ಯಾರು? ರಷ್ಯಾದ ಟಿವಿ ನೋಡುವವನು ಯಾರು? ಮಗಳು ಆಚೆ ಇರುವವನು ಯಾರು?

ಸೋಮವಾರ ಲುಕೇರಿಯಾ ಕೆಲಸಕ್ಕೆ ಹೊರಟಾಗ ಎದುರು ಮನೆಯ ಬಾಗಿಲು ಮುರಿದು ಬಿದ್ದಿತ್ತು. ಮೇಲೆ ಹೋಗಿ ನೋಡಿದಳು. ಗೂಡನ್ನು ತುಳಿದು ಚಪ್ಪಟೆ ಮಾಡಿದ್ದರು. ಹಿಮದ ಮೇಲೆ ರೆಕ್ಕೆಗಳು, ರಕ್ತ. ಬದುಕಿದ ಹಕ್ಕಿಗಳು ಎದುರು ಕಟ್ಟಡದ ಅಂಚಿನಲ್ಲಿ ಸಾಲಾಗಿ ಕೂತಿದ್ದವು, ಇಳಿಯಲು ಜಾಗ ಗೊತ್ತಾಗದೆ.

ಪಡೆ ಬೀಡುಬಿಟ್ಟಿದ್ದ ಶಾಲೆಗೆ ಅವಳು ನೆಟ್ಟಗೆ ನಡೆದಳು. ನೆಲಮಾಳಿಗೆಯ ಬಾಗಿಲಲ್ಲಿ ಕಾವಲಿಗೆ ನಿಂತಿದ್ದವನು ಯಾರೆಮಾ.

"ದೊಡ್ಡಮ್ಮ, ಮನೆಗೆ ಹೋಗು."

"ವೇನ್ಯಾ ಒಳಗಿದಾನಾ?"

"ಅವನು ಕೋಲು ಬೀಸಿ ಗುರಿ ತೋರಿಸ್ತಿದ್ದ."

"ಆ ಕೋಲು ಹಿಡ್ಕೊಂಡು ಬೆಳೆದೋನು ನೀನು. ಅವನ ಹೆಗಲ ಮೇಲೆ ಕೂತ್ಕೊಂಡು ಬೀಸ್ತಿದ್ದೆ. ಆವಾಗ ಯಾರಿಗೋ ಗುರಿ ತೋರಿಸ್ತಿದ್ದೆ?"

"ಆವಾಗ ಯುದ್ಧ ಇರ್ಲಿಲ್ಲ."

ಬಾಗಿಲಿನ ಹಿಂದಿನಿಂದ ಒಂದು ಸದ್ದು ಬಂತು. ಅದು ಮನುಷ್ಯನ ಕೂಗು ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವಳು ಯಾರೆಮಾನ ಮುಖ ನೋಡಿದಳು. ಅವನು ನೆಲ ನೋಡಿದ. ಅವನ ತೋಳಿನ ಮೇಲೆ ಗೀರಿದ ಗುರುತುಗಳಿದ್ದವು, ಇನ್ನೂ ಹಸಿ.

"ನೀನೂ ಕೈ ಹಾಕಿದ್ಯಾ?"

ಅವನು ತೋಳನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅವಳು ಹೊಡೆಯಲೂ ಇಲ್ಲ, ಅಳಲೂ ಇಲ್ಲ. ತಿರುಗಿ ಕಾರ್ಖಾನೆಗೆ ನಡೆದು, ಎಲ್ಲ ಯಂತ್ರಗಳನ್ನೂ ನಿಲ್ಲಿಸಿ, ಹೊಲಿದು ಮುಗಿದ ಎದೆಕವಚಗಳ ಕೋಣೆಗೆ ಬೀಗ ಜಡಿದಳು.

"ವೇನ್ಯಾ ಜೀವಂತ ಹೊರಗೆ ಬರೋ ತನಕ ಇಲ್ಲಿಂದ ಒಂದು ಗುಂಡಿಯೂ ಹೊರಗೆ ಹೋಗಲ್ಲ," ಎಂದಳು.

ಒಡಾರ್ಕಾ ಎದ್ದು ನಿಂತಳು. ಅವಳಿನ್ನೂ ಕಪ್ಪು ತಲೆವಸ್ತ್ರ ಕಟ್ಟಿಕೊಂಡೇ ಇದ್ದಳು.

"ನನ್ನ ತಂಗಿ ನಿನ್ನೆ ಮಣ್ಣಾದ್ಲು ಲುಶಾ. ನೀನು ಆ ಪಾರಿವಾಳದ ಮುದುಕನಿಗಾಗಿ ಬೀಗ ಹಾಕ್ತೀಯಾ? ನಾಳೆ ಹುಡುಗರು ಸೇತುವೆಗೆ ಹೋಗ್ತಾರೆ. ಬರೀ ಎದೇಲಿ ಹೋಗ್ಲಾ?"

"ಅವನು ಮಾಡಿಲ್ಲ ಒಡಾರ್ಕಾ."

"ನಿಂಗೆ ಹೇಗೆ ಗೊತ್ತು?"

"ಅವನಿಗೆ ಕರೆಂಟ್ ಬಿಲ್ಲು ಕಟ್ಟೋ ದಿನಾನೇ ನೆನಪಿರಲ್ಲ. ಮಾಡಿದಾನೆ ಅಂತಾದ್ರೂ ಕೋರ್ಟಿಗೆ ಕರ್ಕೊಂಡು ಹೋಗ್ಲಿ. ಶಾಲೆ ನೆಲಮಾಳಿಗೇಲಿ ಮುದುಕನ್ನ ಬಡಿಯೋಕೆ ನಾನು ಹೊಲಿದು ಕೊಟ್ನಾ?"

ಒಡಾರ್ಕಾ ಅವಳ ಕಾಲ ಬಳಿ ಉಗಿದು ಹೊರಗೆ ಹೋದಳು. ಕೆಲವರು ಅವಳ ಹಿಂದೆಯೇ ಹೋದರು, ಕೆಲವರು ತಲೆ ತಗ್ಗಿಸಿ ಕೂತರು. ಲುಕೇರಿಯಾ ಬೀಗದ ಬಾಗಿಲಿಗೆ ಬೆನ್ನು ಕೊಟ್ಟು ಕುರ್ಚಿ ಹಾಕಿಕೊಂಡು ಕೂತಳು. ಒಡಾರ್ಕಾಳ ಮಾತು ನಿಜವೆಂದು ಅವಳಿಗೂ ಗೊತ್ತಿತ್ತು. ಆ ಕೋಣೆಯೊಳಗೆ ಯಾರೆಮಾನ ಕವಚವೂ ಇತ್ತು, ಪಟ್ಟಿ ಕಿತ್ತಿದೆಯೆಂದು ದುರಸ್ತಿಗೆ ತಂದಿದ್ದದ್ದು. ಗುಂಡು ಯಾರಿಗೂ ಕಾಯುವುದಿಲ್ಲ. ನಾಳೆ ಒಬ್ಬ ಹುಡುಗ ಬರೀ ಎದೆಯಲ್ಲಿ ಬಿದ್ದರೆ ಅವನ ತಾಯಿಗೆ ಏನು ಹೇಳುವುದು? ಅದಕ್ಕೆ ಉತ್ತರ ಹುಡುಕುವ ಸ್ಥಿತಿಗೆ ತನ್ನನ್ನು ತಂದು ನಿಲ್ಲಿಸಿದವರ ಮೇಲೆ ಮೈಯೆಲ್ಲ ಉರಿಯುತ್ತಿತ್ತು, ಅಷ್ಟೇ.

ಮಧ್ಯಾಹ್ನ ರೆವಾನೇ ಬಂದ. ವೆನ್ಯಾಮಿನ್‌ನನ್ನು ಕಾಲರ್ ಹಿಡಿದು ನಡೆಸಿಕೊಂಡು ಬಂದು ಬಾಗಿಲಲ್ಲಿ ಬಿಟ್ಟ.

"ತಗೊಳ್ಳಿ ನಿಮ್ಮ ಪಾರಿವಾಳ."

ಮುದುಕನ ಒಂದು ಕಣ್ಣು ಮುಚ್ಚಿಹೋಗಿತ್ತು. ಬಲಗೈ ಬೆರಳುಗಳು ಊದಿಕೊಂಡು ಬದನೆಕಾಯಿಯ ಹಾಗಾಗಿದ್ದವು.

"ನಾಳೆ ಮತ್ತೆ ರಾಕೆಟ್ ಬಿದ್ರೆ ನಿಮ್ಮನ್ನ ಬಂದು ಕೇಳ್ತೀನಿ," ಎಂದ ರೆವಾ.

"ಬಾ. ಬರೋವಾಗ ನಿನ್ನ ಸೂರ್ಯನ್ನ ಮನೇಲಿ ಬಿಟ್ಟು ಬಾ."

ಅವಳು ಬೀಗ ತೆಗೆದಳು. ಹುಡುಗರು ಬಂದು ಕವಚಗಳನ್ನು ಹೊತ್ತುಕೊಂಡು ಹೋದರು, ಒಬ್ಬನೂ ದೊಡ್ಡಮ್ಮ ಅನ್ನಲಿಲ್ಲ. ಕೊನೆಗೆ ಯಾರೆಮಾ ಬಂದ. ಅವಳು ತನ್ನ ಕೈಯಾರೆ ಅವನ ಕವಚ ಕಟ್ಟಿ, ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಆ ವಾರವೇ ಅವನು ತನ್ನ ಬಟ್ಟೆಬರೆ ತೆಗೆದುಕೊಂಡು ಮನೆ ಬಿಟ್ಟ.

ವೆನ್ಯಾಮಿನ್‌ನ ಮುರಿದ ಪಕ್ಕೆಲುಬು ಕೂಡಿಕೊಂಡಿತು, ಆದರೆ ಒಂದು ಕಿವಿ ಕೇಳಿಸದಾಯಿತು, ಕೈ ಮುಷ್ಟಿ ಕಟ್ಟಲು ಬಾರದಾಯಿತು. ಹಿಮ ಕರಗಿದ ಮೇಲೆ ಮಗಳು ಬಂದು ಅವನನ್ನು ರಸ್ತೋವ್‌ಗೆ ಕರೆದುಕೊಂಡು ಹೋದಳು. ಸ್ವಲ್ಪ ದಿನಕ್ಕೆ ಅವನು ರಷ್ಯಾದ ಟಿವಿಯಲ್ಲಿ ಬಂದ. ಪಕ್ಕದ ಮನೆಯವರು ಫೋನಿನಲ್ಲಿ ಅವಳಿಗೆ ತೋರಿಸಿದರು. ಮುದುಕ ಕೈ ಎತ್ತಿ ತೋರಿಸುತ್ತಿದ್ದ. ಕೆಳಗೆ ಅಕ್ಷರಗಳು ಓಡುತ್ತಿದ್ದವು: ಹ್ಲಿನೊಯಾರ್ ಇಡೀ ಫ್ಯಾಸಿಸ್ಟರ ಊರು, ಅಲ್ಲಿನ ಹೆಂಗಸರು ಹಂತಕರಿಗೆ ಸಮವಸ್ತ್ರ ಹೊಲಿಯುತ್ತಾರೆ. ಅವಳು ಆ ಕ್ಷಣವೇ ಫೋನು ಹಚ್ಚಿದಳು.

"ವೇನ್ಯಾ, ನಿನ್ನನ್ನ ಹೊರಗೆ ತಂದೋರು ಯಾರು?"

"ಜೋರಾಗಿ ಹೇಳು, ಆ ಕಿವಿ ಇಲ್ಲ."

"ಹೊರಗೆ ತಂದೋರು ಯಾರು ಅಂದೆ."

"ನೀನು. ನಾನು ಅವರಿಗೆ ಹೇಳ್ದೆ ಲುಶಾ. ನಿನ್ನ ಹೆಸರೂ ಹೇಳ್ದೆ. ಅವರು ಕತ್ತರಿಸಿ ಹಾಕಿದಾರೆ."

"ಮಾರ್ಕೆಟ್ ಮೇಲೆ ರಾಕೆಟ್ ಹಾಕಿದ್ದು ಯಾರು ಅಂತ ಹೇಳಿದ್ಯಾ?"

ಅವನು ಪಾರಿವಾಳಗಳ ಬಗ್ಗೆ ಕೇಳಿದ.

"ಅದನ್ನ ಅವರು ಕತ್ತರಿಸ್ಲಿಲ್ಲ. ಅದನ್ನ ನೀನು ಹೇಳ್ಲೇ ಇಲ್ಲ. ನಿನ್ನ ಏಟನ್ನ ಅವರಿಗೆ ಮಾರ್ಕೊಂಡೆಯಲ್ಲೋ, ಕಳ್ಳ."

ಫೋನು ಇಟ್ಟಳು. ಅವಳ ಕಣ್ಣೆದುರು ಆದದ್ದನ್ನು ಗಡಿಯಾಚೆಯವರು ಕೊಯ್ದು ತಮ್ಮ ಹಲ್ಲಿಗೆ ಬೇಕಾದ ತುಂಡು ಮಾಡಿಕೊಂಡಿದ್ದರು. ಈಚೆಯವರು ಅದು ಆಗಲೇ ಇಲ್ಲ ಎನ್ನುತ್ತಿದ್ದರು. ಅವಳು ಕೋಟು ಹಾಕಿಕೊಂಡು ರೆವಾನ ಮೇಲೆ ದೂರು ಕೊಡಲು ಸರ್ಕಾರಿ ವಕೀಲನ ಕಚೇರಿಗೆ ಹೋದಳು.

ಅಲ್ಲಿದ್ದ ಯುವಕ ಮರ್ಯಾದಸ್ಥನೇ. ಅವಳಿಗೆ ಚಹಾ ಕೊಟ್ಟು ಹೇಳಿದ: "ಅಮ್ಮ, ಈಗ ಇದನ್ನ ಬರ್ಕೊಂಡ್ರೆ ಯಾರಿಗೆ ಲಾಭ ಅಂತ ಯೋಚಿಸಿದೀರಾ?"

"ಲಾಭದ ವಿಚಾರ ಅಂಗಡಿಯವರಿಗೆ ಬಿಡಿ. ನೀವು ಕಾನೂನಿನವರು. ಬರ್ಕೊಳಿ."

"ಶತ್ರು ಬಾಗಿಲಲ್ಲಿದಾನೆ."

"ಅವನು ಬಾಗಿಲಲ್ಲಿರೋದು ನಂಗೆ ನಿಮಗಿಂತ ಚೆನ್ನಾಗಿ ಗೊತ್ತು. ನಮ್ಮನೆ ಕಿಟಕಿ ಗಾಜು ಹೋಗಿದೆ. ಅವನ ಥರ ಆಗ್ಬಾರ್ದು ಅಂತಲೇ ಅಲ್ವಾ ನಾವು ಅವನ ಮೇಲೆ ಗುಂಡು ಹಾರಿಸ್ತಿರೋದು? ಇಲ್ಲಾಂದ್ರೆ ನನ್ನ ಹುಡುಗ ಅಲ್ಲಿ ಕಂದಕದ ಕೆಸರಲ್ಲಿ ಯಾಕೆ ಕೂತಿದಾನೆ?"

ದೂರು ಬರೆದುಕೊಂಡರು. ಬರೆದುಕೊಂಡು ಕಪಾಟಿನಲ್ಲಿಟ್ಟರು. ಲುಕೇರಿಯಾ ಪ್ರತಿ ತಿಂಗಳೂ ಹೋಗಿ ಕೇಳಿದಳು. ಊರಿನಲ್ಲಿ ಅವಳಿಗೆ ರಷ್ಯಾದ ಏಜೆಂಟಳೆಂದು ಹೆಸರು ಬಂತು. ಬಾಗಿಲ ಮೇಲೆ ಯಾರೋ ಕೆಂಪು ಬಣ್ಣದಲ್ಲಿ "ದ್ರೋಹಿ" ಎಂದು ಬರೆದರು. ಅವಳು ಅದನ್ನು ಒರೆಸಲಿಲ್ಲ. ಅಕ್ಷರ ತಪ್ಪಿದ್ದ ಕಡೆ ಸೀಮೆಸುಣ್ಣದಲ್ಲಿ ತಿದ್ದಿ ಹಾಗೇ ಬಿಟ್ಟಳು. ಸೇನೆಗೆ ಹೊಲಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಒಡಾರ್ಕಾಳೂ ಕೆಲಸಕ್ಕೆ ಮರಳಿ ಬಂದಳು. ಇಬ್ಬರೂ ಎದುರುಬದುರಿನ ಯಂತ್ರಗಳಲ್ಲಿ ಕೂತು ವರ್ಷಗಟ್ಟಲೆ, ದಾರ ಬೇಕಾದರೂ ಮೂರನೆಯವಳ ಮೂಲಕ ಕೇಳಿಕೊಂಡು ಹೊಲಿದರು.

ಆ ಹೊತ್ತಿಗೆ ಸ್ವಯಂಸೇವಕ ಪಡೆಗಳನ್ನೆಲ್ಲ ಸರ್ಕಾರ ಸೇನೆಯೊಳಗೆ ಸೇರಿಸಿಕೊಂಡಿತ್ತು. ಯಾರೆಮಾ ಸೈನಿಕನಾಗಿ ಉಳಿದ. ಪಡೆ ಬಿಟ್ಟ ಕೆಲವರು ಗೋಡೆಗೆ ಹೊಸ ಶತ್ರುಗಳ ಚಿತ್ರ ಬರೆಯುತ್ತ ರಾಜಧಾನಿಯಲ್ಲಿ ಪಂಜಿನ ಮೆರವಣಿಗೆ ಮಾಡಿಕೊಂಡಿದ್ದರು. ರೆವಾ ಅವರ ಮುಂದಾಳುಗಳಲ್ಲೊಬ್ಬನಾದ, ಚುನಾವಣೆಗೆ ನಿಂತು ಠೇವಣಿ ಕಳೆದುಕೊಂಡ. ಜನ ಅವನಿಗೆ ಕೈಮುಗಿಯುತ್ತಿದ್ದರು, ಮತ ಹಾಕುತ್ತಿರಲಿಲ್ಲ. ಹೊಸ ಸರ್ಕಾರಿ ವಕೀಲ ಬಂದಾಗ ಕೊನೆಗೂ ಲುಕೇರಿಯಾಳ ದೂರು ಕೋರ್ಟಿಗೆ ಏರಿತು.

ವಿಚಾರಣೆಯ ದಿನ ಕೋರ್ಟಿನ ತುಂಬ ರೆವಾನ ಬೆಂಬಲಕ್ಕೆ ಬಂದ ಕಪ್ಪಂಗಿಯ ಹುಡುಗರು. ಲುಕೇರಿಯಾ ಸಾಕ್ಷಿ ಹೇಳುವಾಗ ಅವರು ನೆಲಕ್ಕೆ ಕಾಲು ಬಡಿದರು. ನ್ಯಾಯಾಧೀಶ ಗಂಟಲು ಸರಿಮಾಡಿಕೊಳ್ಳುತ್ತ ನೀರು ಕುಡಿದ. ರೆವಾನ ವಕೀಲ ಅವಳನ್ನು ಕೇಳಿದ: "ನೀವು ಒಳಗಡೆ ನೋಡಿದ್ರಾ? ಇಲ್ಲ. ಕೇಳಿದ್ದು ಬರೀ ಒಂದು ಸದ್ದು. ಬಾಗಿಲಿನ ಸದ್ದೂ ಆಗಿರಬಹುದಲ್ವಾ?"

ಆಗ ಹಿಂದಿನ ಬೆಂಚಿನಿಂದ ಸೈನಿಕನ ಉಡುಪಿನ ಒಬ್ಬ ಎದ್ದ. ಯಾರೆಮಾ. ಅವನು ಬರುವುದು ಲುಕೇರಿಯಾಗೂ ತಿಳಿದಿರಲಿಲ್ಲ. ಅವನ ಮುಖ ಕಂಡು ಎಷ್ಟೋ ಕಾಲವಾಗಿತ್ತು, ತಲೆ ಅಲ್ಲಲ್ಲಿ ನರೆತಿತ್ತು.

"ಬಾಗಿಲಿನ ಸದ್ದಲ್ಲ," ಎಂದ. "ನಾನು ಒಳಗಿದ್ದೆ. ಕಾಲು ಹಿಡ್ಕೊಂಡಿದ್ದೆ. ಕಮಾಂಡರ್ ಬೆರಳು ಮುರಿದ್ರು. ಮುದುಕ ನನ್ನ ಹೆಸರು ಹಿಡಿದು ಕರೀತಿದ್ದ. ಆಮೇಲೆ ನನ್ನನ್ನ ಬಾಗಿಲಿಗೆ ಕಳಿಸಿದ್ರು, ಯಾಕಂದ್ರೆ ನಾನು ವಾಂತಿ ಮಾಡ್ಕೊಂಡೆ."

ಕಾಲು ಬಡಿಯುವ ಸದ್ದು ನಿಂತಿತು. ಒಬ್ಬ ಮಾತ್ರ "ಹೇಡಿ" ಎಂದು ಕೂಗಿದ. ಯಾರೆಮಾ ಅವನ ಕಡೆ ತಿರುಗಿ, "ನೀನು ಯಾವ ಕಂದಕದಲ್ಲಿದ್ದೆ ತಮ್ಮಾ?" ಎಂದು ಕೇಳಿದ. ಆ ಹುಡುಗ ಯಾವ ಕಂದಕದಲ್ಲೂ ಇರಲಿಲ್ಲ.

ರೆವಾ ತಪ್ಪಿತಸ್ಥ ಎಂದು ತೀರ್ಪಾಯಿತು. ಯುದ್ಧದ ಸೇವೆಯನ್ನು ಪರಿಗಣಿಸಿ ಶಿಕ್ಷೆಯನ್ನು ಅಮಾನತಿನಲ್ಲಿ ಇಟ್ಟರು. ಅಂದರೆ ಅವನು ಮನೆಗೆ ಹೋದ. ಕಾಲು ಹಿಡಿದ ಯಾರೆಮಾನಿಗೂ ಅದೇ ಆಯಿತು. ಕೋರ್ಟಿನ ಮೆಟ್ಟಿಲಲ್ಲಿ ರೆವಾ ಲುಕೇರಿಯಾಳ ಎದುರು ನಿಂತ.

"ನಂಗೆ ನಿಮ್ಮ ಮೇಲೆ ಕೋಪ ಇಲ್ಲ, ಲುಕೇರಿಯಾ ಪಾನಾಸಿವ್ನಾ."

"ನಂಗಿದೆ," ಎಂದು ಅವಳು ಪಕ್ಕಕ್ಕೆ ಸರಿದು ಇಳಿದು ಹೋದಳು. ಯಾರೆಮಾ ಅವಳ ಚೀಲ ತೆಗೆದುಕೊಂಡು ಹಿಂದೆ ನಡೆದ. ಬಸ್ಸಿನಲ್ಲಿ ಊರು ಬರುವವರೆಗೂ ಅವಳು ಅವನನ್ನು ಬೈದಳು. ಒಳ್ಳೆಯ ಬೂಟು ಹಾಕಿಲ್ಲವೆಂದು, ಸಿಗರೇಟು ಸೇದುತ್ತಾನೆಂದು, ಸಣ್ಣಗಾಗಿದ್ದಾನೆಂದು. ಅವನು ತಲೆಯಾಡಿಸುತ್ತ ಕೇಳಿಸಿಕೊಂಡ.

೨೦೨೨ರ ಫೆಬ್ರವರಿಯಲ್ಲಿ ಇಡೀ ಗಡಿಯೇ ಒಡೆದುಕೊಂಡು ಬಂತು. ಈ ಸಲ ಮುಖಕ್ಕೆ ಬಟ್ಟೆ ಇರಲಿಲ್ಲ, ಟ್ಯಾಂಕುಗಳ ಸಾಲು ನೆಟ್ಟಗೆ ಬಂತು. ಯಾರೆಮಾ ಬೇರೆ ರಂಗದಲ್ಲಿದ್ದ. ಅಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡು ಆಸ್ಪತ್ರೆ ಸೇರಿದ. ಹ್ಲಿನೊಯಾರ್‌ಗೆ ಮತ್ತೆ ಬಂದವನು ರೆವಾ. ಹಳಬರು, ಹೊಸಬರು, ಸಿಕ್ಕಿದವರನ್ನು ಕೂಡಿಸಿಕೊಂಡು ಅದೇ ಸೇತುವೆಯ ಮೇಲೆ ನಿಂತ. ಊರಿನವರನ್ನು ತುಂಬಿಕೊಂಡ ಬಸ್ಸುಗಳು ಇನ್ನೊಂದು ದಿಕ್ಕಿನಿಂದ ಹೊರಬೀಳುವವರೆಗೂ ಅವನು ಅಲ್ಲಿಂದ ಕದಲಲಿಲ್ಲ. ಕಡೆಯ ಬಸ್ಸಿನಲ್ಲಿ ಲುಕೇರಿಯಾ ಇದ್ದಳು, ಅವಳ ಪಕ್ಕದ ಸೀಟಿನಲ್ಲಿ ಒಡಾರ್ಕಾ. ಕಿಟಕಿಯಿಂದ ಸೇತುವೆಯ ಕಡೆ ಹೊಗೆ ಕಾಣುತ್ತಿತ್ತು. ಊರು ಉಳಿಯಿತು, ರೆವಾ ಉಳಿಯಲಿಲ್ಲ.

ಸುದ್ದಿ ಕೇಳಿದ ದಿನ ಅವಳಿಗೆ ಬಂದ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಅವಳು ಕೇಳದೆಯೇ ಅವನು ಅವಳ ಜೀವವನ್ನು ಉಳಿಸಿ ಕೊಟ್ಟುಬಿಟ್ಟಿದ್ದ. ವಾಪಸ್ಸು ಕೊಡುವ ಹಾಗಿಲ್ಲ, ಇಟ್ಟುಕೊಂಡು ಸುಮ್ಮನಿರುವ ಹಾಗೂ ಇಲ್ಲ.

ಊರಿನ ಮೇಲೆ ಶೆಲ್ ಬೀಳುವುದು ನಿಲ್ಲದ್ದರಿಂದ ಊರು ಬಿಟ್ಟವರಲ್ಲಿ ಬಹಳ ಮಂದಿ ದೂರದ ಪೊಲ್ತಾವಾ ನಗರದಲ್ಲಿ ನೆಲೆಸಿದರು. ಹ್ಲಿನೊಯಾರ್ ಪುರಸಭೆಯೂ ಅಲ್ಲಿನ ಒಂದು ಗ್ರಂಥಾಲಯದಲ್ಲಿ ಸಭೆ ಸೇರುತ್ತಿತ್ತು. ಮಾರನೆಯ ವರ್ಷ ಒಂದು ಮಧ್ಯಾಹ್ನ ಸಭೆ ಕರೆದರು. ಊರಿನ ಶಾಲೆಗೆ ಓಸ್ತಾಪ್ ರೆವಾನ ಹೆಸರಿಡುವ ವಿಚಾರ. ಅಧ್ಯಕ್ಷೆ ಸ್ವಾಗತ ಮಾಡಿ, "ವೀರನಿಗೆ ಮೊದಲ ಎದೆಕವಚ ಹೊಲಿದು ಕೊಟ್ಟ ನಮ್ಮ ಲುಕೇರಿಯಾ ಪಾನಾಸಿವ್ನಾ ಎರಡು ಮಾತಾಡ್ತಾರೆ" ಎಂದಳು. ಹಳೆಯದು ಜನಕ್ಕೆ ಮರೆತಿದೆ ಎಂದುಕೊಂಡಿದ್ದಳೋ, ಮರೆಯಲಿ ಎಂದುಕೊಂಡಿದ್ದಳೋ.

ಲುಕೇರಿಯಾ ಎದ್ದಳು. ಪಕ್ಕದಲ್ಲಿ ಯಾರೆಮಾ ಊರುಗೋಲು ಒರಗಿಸಿ ಕೂತಿದ್ದ.

"ಸೇತುವೆಗೆ ಅವನ ಹೆಸರಿಡಿ," ಎಂದಳು. "ಅಲ್ಲಿ ಅವನು ಏನು ಮಾಡಿದ ಅನ್ನೋದಕ್ಕೆ ಅವತ್ತು ಬಸ್ಸಿನಲ್ಲಿ ಬಂದೋರೆಲ್ಲ ಸಾಕ್ಷಿ, ನಾನೂ ಸಾಕ್ಷಿ. ಶಾಲೆಗೆ ಬೇಡ. ಶಾಲೆ ನೆಲಮಾಳಿಗೇಲಿ ಅವನು ಒಬ್ಬ ಮುದುಕನ ಬೆರಳು ಮುರಿದ."

"ಸತ್ತವರ ಬಗ್ಗೆ ಹೀಗೆ ಮಾತಾಡ್ಬೇಡಿ ಅಜ್ಜಿ," ಎಂದು ಹಿಂದಿನಿಂದ ಒಬ್ಬ ಯುವಕ ಕೂಗಿದ.

"ಮತ್ತೆ ಹೇಗೆ ಮಾತಾಡ್ಲಿ? ಅವನು ಬದುಕಿದ್ದಾಗಲೂ ಇದನ್ನೇ ಅವನ ಮುಖಕ್ಕೆ ಹೇಳಿದೀನಿ."

"ಮಾಸ್ಕೋದವರು ಇದನ್ನೇ ಹೇಳೋದು."

"ಮಾಸ್ಕೋದವರು ಅವನ ಬಗ್ಗೆ ಅರ್ಧ ಹೇಳ್ತಾರೆ, ನೀನು ಇನ್ನರ್ಧ ಹೇಳ್ತೀಯ. ನಾಳೆ ಆ ಶಾಲೇಲಿ ಕೂರೋ ಮಕ್ಕಳಿಗೆ ಪೂರ್ತಿ ಯಾರು ಹೇಳ್ತಾರೆ? ನಮ್ಮ ಕಡೆಯೋನು ಅಂದ್ರೆ ನೆಲಮಾಳಿಗೇಲಿ ಏನು ಮಾಡಿದ್ರೂ ನಡೆಯತ್ತೆ ಅಂತ ಬೋರ್ಡು ಬರೆಸಿ ಹಾಕ್ತೀರಾ ಬಾಗಿಲಿಗೆ?"

ಗಲಾಟೆ ಎದ್ದಿತು. ಅಧ್ಯಕ್ಷೆ ಗಂಟೆ ಬಾರಿಸಿದಳು. ಆಗ ಒಡಾರ್ಕಾ ಕೂತಲ್ಲಿಂದಲೇ ಹೇಳಿದಳು: "ಅವಳು ಮಾತು ಮುಗಿಸ್ಲಿ. ನನ್ನ ತಂಗಿ ಹೆಸರು ಹೇಳ್ಕೊಂಡು ಅವತ್ತು ಆ ಮುದುಕನ್ನ ಬಡಿದಿದ್ದು. ನಾನು ಬಡಿಯೋಕೆ ಹೇಳಿರ್ಲಿಲ್ಲ. ಬೇಡ ಅಂತಲೂ ಹೇಳ್ಲಿಲ್ಲ."

ಒಡಾರ್ಕಾ ಮಾತಾಡಿದ ಮೇಲೆ ಕೂಗು ಕಡಿಮೆಯಾಯಿತು, ಆದರೆ ಮತ ಬದಲಾಗಲಿಲ್ಲ. ಕೈ ಎತ್ತಿಸಿದರು. ಸೇತುವೆಗೂ ಅವನ ಹೆಸರು, ಶಾಲೆಗೂ ಅವನ ಹೆಸರು. ಸೇತುವೆಯ ವಿಷಯ ಬಂದಾಗ ಲುಕೇರಿಯಾ ಕೈ ಎತ್ತಿದಳು. ಶಾಲೆಯ ವಿಷಯ ಬಂದಾಗ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಎತ್ತಿದವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಕೆಲವರು ಕೈಯನ್ನು ಅರ್ಧಕ್ಕೆ ಇಳಿಸಿದರು. ಹ್ಲಿನೊಯಾರ್‌ಗೆ ಮರಳಿದ ಮೇಲೆ ಕಾನೂನು ಪ್ರಕಾರ ಆಕ್ಷೇಪಣೆ ಸಲ್ಲಿಸುತ್ತೇನೆ ಎಂದು ಹೇಳಿ ಅವಳು ಹೊರಗೆ ಬಂದಳು.

ಅದು ನಡೆಯಲಿಲ್ಲ. ಶಾಲೆಗೆ ಫಲಕ ಹಾಕುವ ಮೊದಲೇ ರಷ್ಯಾದ ವಿಮಾನವೊಂದು ಅದರ ಮೇಲೆ ಭಾರಿ ಬಾಂಬು ಹಾಕಿತು. ತರಗತಿಗಳು, ಆಟದ ಕೋಣೆ, ನೆಲಮಾಳಿಗೆ ಎಲ್ಲ ಒಂದೇ ಗುಂಡಿಯಾಯಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಯಾರೆಮಾ ಫೋನಿನಲ್ಲಿ ಚಿತ್ರ ತೋರಿಸಿದ. ಅವಳು ಕನ್ನಡಕ ಹಾಕಿಕೊಂಡು, ಹತ್ತಿರ ಹಿಡಿದು, ಮೆಟ್ಟಿಲು ಎಲ್ಲಿತ್ತೆಂದು ಹುಡುಕಿದಳು.

"ಇನ್ನು ಆಕ್ಷೇಪಣೆ ಯಾವ ಗೋಡೆಗೆ ಅಂಟಿಸ್ತೀಯ ದೊಡ್ಡಮ್ಮ?" ಎಂದು ಯಾರೆಮಾ ಮೆಲ್ಲಗೆ ಕೇಳಿದ.

"ನೋಡಿದ್ಯಾ," ಎಂದಳು ಅವಳು. "ನಮ್ಮ ಮನೆ ಜಗಳ ಮಾಡ್ಕೊಳ್ಳೋಕೂ ಬಿಡಲ್ಲ ಇವರು. ನಮ್ಮೋನು ತಪ್ಪು ಮಾಡಿದ್ರೆ ಅವನ ಕಾಲರ್ ಹಿಡಿಯೋಳು ನಾನು. ಇವರು ಯಾರು?"

ಯಾರೆಮಾ ಚಹಾಕ್ಕೆ ಒಲೆ ಮೇಲೆ ನೀರಿಟ್ಟ. ಅವಳು ಕುಡಿಯಲು ಕಾಯಲಿಲ್ಲ. ಪೊಲ್ತಾವಾದ ಒಂದು ಹಳೇ ಕ್ಯಾಂಟೀನಿನಲ್ಲಿ ಊರಿನ ಹೆಂಗಸರು ಹೊಸ ಹೊಲಿಗೆಮನೆ ನಡೆಸುತ್ತಿದ್ದರು. ಕಾಲು ಕಳೆದುಕೊಂಡ ಹುಡುಗರಿಗೆ ಪಕ್ಕದಿಂದ ಪೂರ್ತಿ ತೆರೆಯುವ ಪ್ಯಾಂಟುಗಳನ್ನು ಅಲ್ಲಿ ಹೊಲಿಯುತ್ತಿದ್ದರು. ಲುಕೇರಿಯಾ ಕೋಟು ಹಾಕಿಕೊಂಡು ಹೊರಟಳು. ಅಂದು ಅಲ್ಲಿದ್ದವರಿಗೆಲ್ಲ ಸಂಜೆಯವರೆಗೂ ಬೈಗಳು ಬಿದ್ದವು. ಯಾಕೆಂದು ಯಾರೂ ಕೇಳಲಿಲ್ಲ.